ಮನೆ ಮಾರುವಾಗ ಕಮಿಷನ್ ಯಾವ ಕೆಲಸಕ್ಕೆ?

ಮನೆ ಮಾರಬೇಕೆಂದು ನಿರ್ಧರಿಸಿದವರು ವಕೀಲರ ಬಳಿ ಬಂದು ಕೇಳುವ ಮೊದಲ ಪ್ರಶ್ನೆ ಈಗ ಬಹುಮಟ್ಟಿಗೆ ಒಂದೇ ಆಗಿದೆ: ಬಡಾವಣೆಯ ಬ್ರೋಕರಿಗೆ ಹೇಳುವುದೋ, ಇಲ್ಲ ಜಾಲತಾಣದಲ್ಲಿ ನಾವೇ ಹಾಕಿಕೊಳ್ಳುವುದೋ? ಎರಡೂ ದಾರಿಯಲ್ಲಿ ಕುದುರಿದ ವ್ಯವಹಾರಗಳು ಕೊನೆಗೆ ಕ್ರಯಪತ್ರ ಬರೆಸುವುದಕ್ಕೆ ನಮ್ಮಂಥವರ ಮೇಜಿಗೇ ಬರುತ್ತವೆ. ಆದ್ದರಿಂದ ಯಾವ ದಾರಿಯಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ನೋಡುವ ಅವಕಾಶ ನಮಗೆ ಸಿಗುತ್ತದೆ. ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ ಎಂಬುದು ನನ್ನ ಕೋರಿಕೆ. ಕೊಳ್ಳುವವರನ್ನು ಹುಡುಕುವುದು, ಬೆಲೆ ಎಷ್ಟೆಂದು ಗೊತ್ತುಮಾಡುವುದು, ಚೌಕಾಶಿ ನಡೆಸುವುದು, ಕಾಗದಪತ್ರ ಸರಿಪಡಿಸುವುದು, ಮುಂಗಡ ಕೊಟ್ಟ ದಿನದಿಂದ ನೋಂದಣಿಯ ದಿನದವರೆಗೆ ವ್ಯವಹಾರ ಮುರಿಯದಂತೆ ಕಾಯುವುದು, ಇವು ಬೇರೆ ಬೇರೆ ಕೆಲಸಗಳು. ಕಮಿಷನ್ ಅಥವಾ ಶುಲ್ಕ ಎಂದು ನೀವು ಕೊಡುವ ಹಣ ಇವುಗಳಲ್ಲಿ ಯಾವುದಕ್ಕೆ ಸಲ್ಲುತ್ತಿದೆ, ಅದನ್ನು ನೀವು ಯಾವ ಹಂತದಲ್ಲಿ ಕೊಡುತ್ತಿದ್ದೀರಿ ಎಂದು ಕೇಳಿಕೊಂಡರೆ ಉತ್ತರ ಹುಡುಕುವುದು ಸುಲಭವಾಗುತ್ತದೆ.

ಮೊದಲನೆಯ ಕೆಲಸದ ವಿಷಯದಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ. ಭಾನುವಾರದ ಪತ್ರಿಕೆಯ ವರ್ಗೀಕೃತ ಜಾಹೀರಾತು, ಗೇಟಿಗೆ ಕಟ್ಟಿದ 'ಮನೆ ಮಾರಾಟಕ್ಕಿದೆ' ಬೋರ್ಡು, ಹಾಲಿನ ಬೂತಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಬ್ರೋಕರು, ಇವಿಷ್ಟೇ ಸಾಧನಗಳಿದ್ದ ಕಾಲದಲ್ಲಿ ಯಾರು ಮಾರುತ್ತಾರೆ, ಯಾರು ಹುಡುಕುತ್ತಿದ್ದಾರೆ ಎಂಬ ತಿಳಿವಳಿಕೆಯೇ ಬ್ರೋಕರಿನ ಬಂಡವಾಳವಾಗಿತ್ತು. 2005ರಲ್ಲಿ 99ಏಕರ್ಸ್, 2006ರಲ್ಲಿ ಮ್ಯಾಜಿಕ್‌ಬ್ರಿಕ್ಸ್, 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಕಾಮನ್‌ಫ್ಲೋರ್, 2012ರಲ್ಲಿ ಹೌಸಿಂಗ್ ಡಾಟ್ ಕಾಮ್, 2014ರಲ್ಲಿ ಹೆಸರಿನಲ್ಲೇ ಬ್ರೋಕರಿಲ್ಲವೆಂದು ಸಾರಿಕೊಂಡು ಬಂದ ನೋಬ್ರೋಕರ್, ಇವೆಲ್ಲ ಬಂದ ಮೇಲೆ ಆ ಬಂಡವಾಳ ಕರಗಿತು. ವೈಟ್‌ಫೀಲ್ಡಿನಲ್ಲಿ ಬಾಡಿಗೆಗಿರುವ ದಂಪತಿಗೆ ರಾಜಾಜಿನಗರದ ನಿಮ್ಮ ಮನೆ ಕಾಣಬೇಕಾದರೆ ಇಂದು ಯಾವ ಮಧ್ಯವರ್ತಿಯ ದಯೆಯೂ ಬೇಕಿಲ್ಲ. ಈ ಒಂದು ಕೆಲಸಕ್ಕಾಗಿ ಮಾತ್ರ ಶೇಕಡಾ 2ರಷ್ಟು ಕಮಿಷನ್ ಕೊಡುವುದು ದುಬಾರಿಯೇ ಸರಿ.

ಆದರೆ ಇಲ್ಲಿ ಒಂದು ವಿಚಿತ್ರವಿದೆ. ಜಾಲತಾಣಗಳು ಬ್ರೋಕರನ್ನು ಓಡಿಸಲಿಲ್ಲ, ಅವನನ್ನು ಒಳಗೆ ಕರೆದುಕೊಂಡವು. ಬಹುತೇಕ ತಾಣಗಳಲ್ಲಿ ಮಾಲೀಕರ ಜಾಹೀರಾತಿನ ಪಕ್ಕದಲ್ಲೇ ಬ್ರೋಕರುಗಳ ಜಾಹೀರಾತೂ ಇರುತ್ತದೆ. ನೀವು ಯಾವುದನ್ನೂ ಬರಹದಲ್ಲಿ ಒಪ್ಪಿಸದೆ ನಾಲ್ಕು ಜನ ಬ್ರೋಕರಿಗೆ ಬಾಯಿಮಾತಿನಲ್ಲಿ 'ಮನೆ ಕೊಡುವುದಿದೆ' ಎಂದು ಹೇಳಿದಿರೆನ್ನಿ. ನಾಲ್ವರೂ ಬಂದು ಅದೇ ಅಡುಗೆಮನೆಯ, ಅದೇ ತುಳಸಿಕಟ್ಟೆಯ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಒಬ್ಬ 1 ಕೋಟಿ 60 ಲಕ್ಷಕ್ಕೆ ಹಾಕುತ್ತಾನೆ. ಫೋನು ಹೆಚ್ಚು ಬರಲಿ ಎಂದು ಇನ್ನೊಬ್ಬ 1 ಕೋಟಿ 40 ಲಕ್ಷಕ್ಕೆ ಹಾಕುತ್ತಾನೆ. ಕೊಳ್ಳುವವನು ಎರಡನ್ನೂ ನೋಡುತ್ತಾನೆ. ನಿಮಗೆ ಹಣದ ತುರ್ತು ಇರಬೇಕೆಂದು ಅವನು ಲೆಕ್ಕ ಹಾಕಿ 1 ಕೋಟಿ 30 ಲಕ್ಷದಿಂದ ಮಾತು ಶುರುಮಾಡುತ್ತಾನೆ. ಹಳೆಯ ಕಾಲದಲ್ಲಿ ನಾಲ್ವರಿಗೆ ಹೇಳುವುದು ಜಾಣತನವಾಗಿತ್ತು, ಏಕೆಂದರೆ ಒಬ್ಬನ ಗಿರಾಕಿ ಇನ್ನೊಬ್ಬನಿಗೆ ಗೊತ್ತಿರುತ್ತಿರಲಿಲ್ಲ. ಎಲ್ಲರ ಮಾತೂ ಒಂದೇ ಪರದೆಯ ಮೇಲೆ ಕಾಣುವ ಈ ಕಾಲದಲ್ಲಿ ಅದು ನಿಮ್ಮ ಬೆಲೆಯನ್ನು ನೀವೇ ಇಳಿಸಿದಂತೆ. ಬ್ರೋಕರು ಬೇಕೆಂದರೆ ಒಬ್ಬನಿಗೆ ಕೊಡಿ, ಅವಧಿ ಗೊತ್ತುಮಾಡಿ, ಯಾವ ಬೆಲೆಗೆ ಜಾಹೀರಾತು ಹಾಕಬೇಕೆಂಬುದನ್ನು ಬರಹದಲ್ಲಿ ಕೊಡಿ.

ಈಗ ಹಣದ ವಿಷಯ. ಬೆಂಗಳೂರಿನಲ್ಲಿ ಮಾರಾಟದ ಕಮಿಷನ್ ಸಾಮಾನ್ಯವಾಗಿ ಶೇಕಡಾ 1ರಿಂದ 2ರವರೆಗೆ ಇರುತ್ತದೆ. ಎಷ್ಟೋ ವ್ಯವಹಾರಗಳಲ್ಲಿ ಒಬ್ಬನೇ ಬ್ರೋಕರು ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾನೆ. ಒಂದೂವರೆ ಕೋಟಿಯ ಮನೆಗೆ ಶೇಕಡಾ 2 ಎಂದರೆ 3 ಲಕ್ಷ ರೂಪಾಯಿ. 'ಶೇಕಡಾವಾರು ಕೊಡುತ್ತೇವೆ, ಬೆಲೆ ಹೆಚ್ಚಿದರೆ ಅವನಿಗೂ ಲಾಭ, ಆದ್ದರಿಂದ ನಮ್ಮ ಪರವಾಗಿಯೇ ಎಳೆಯುತ್ತಾನೆ' ಎಂದು ನಾವು ನಂಬುತ್ತೇವೆ. ಲೆಕ್ಕ ಹಾಕಿ ನೋಡಿ: ಇನ್ನೂ ಎರಡು ತಿಂಗಳು ಕಾದರೆ ನಿಮಗೆ 5 ಲಕ್ಷ ಹೆಚ್ಚು ಬರುವುದಾದರೆ ಅವನಿಗೆ ಬರುವುದು ಹೆಚ್ಚುವರಿ 10 ಸಾವಿರ. ಆ 10 ಸಾವಿರಕ್ಕಾಗಿ ಅವನು ಕೈಗೆ ಬಂದ 3 ಲಕ್ಷವನ್ನು ಎರಡು ತಿಂಗಳು ಪಣಕ್ಕಿಡುತ್ತಾನೆಯೇ? ಇಡುವುದಿಲ್ಲ, ಇಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಇದನ್ನು ಅಳೆದರು. ಶಿಕಾಗೊ ಪ್ರದೇಶದ ಸುಮಾರು 1 ಲಕ್ಷ ಮನೆ ಮಾರಾಟಗಳಲ್ಲಿ ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರಿದ್ದ ಪ್ರಕರಣಗಳನ್ನು ಬೇರೆ ಮಾಡಿ, ಅಂಥವೇ ಗಿರಾಕಿಗಳ ಮನೆಗಳ ಜೊತೆ ಹೋಲಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಏಜೆಂಟರು ತಮ್ಮ ಮನೆಗಳನ್ನು ಸುಮಾರು ಒಂಬತ್ತೂವರೆ ದಿನ ಹೆಚ್ಚು ಮಾರುಕಟ್ಟೆಯಲ್ಲಿ ಇಟ್ಟಿದ್ದರು, ಬೆಲೆಯನ್ನು ಸುಮಾರು ಶೇಕಡಾ 3.7ರಷ್ಟು ಹೆಚ್ಚು ಪಡೆದಿದ್ದರು. ಇದರಲ್ಲಿ ಮೋಸವೆಂಬುದೇನೂ ಇಲ್ಲ. ಬೇರೆಯವರ ಮನೆಯಾದರೆ 'ಒಳ್ಳೆಯ ಬೆಲೆ, ಕೊಟ್ಟುಬಿಡಿ' ಎನ್ನುವ ಮನಸ್ಸು ತನ್ನ ಮನೆಯಾದಾಗ 'ಇನ್ನೊಂದು ವಾರ ನೋಡೋಣ' ಎನ್ನುತ್ತದೆ, ಅಷ್ಟೆ.

ಹಾಗಾದರೆ ಶೇಕಡಾವಾರು ಬಿಟ್ಟು ನಿಗದಿತ ಶುಲ್ಕ ಕೊಟ್ಟರೆ ಈ ತೊಂದರೆ ತಪ್ಪುತ್ತದೆಯೇ? ಈ ಪ್ರಯೋಗವನ್ನು ಇಂಗ್ಲೆಂಡಿನವರು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. ಅಲ್ಲಿ ಎಲ್ಲರೂ ಮನೆ ಹುಡುಕುವ ರೈಟ್‌ಮೂವ್ ಎಂಬ ತಾಣ ಮಾಲೀಕರಿಂದ ನೇರವಾಗಿ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಏಜೆಂಟರ ಮೂಲಕವೇ ಬರಬೇಕು. ಹೀಗಾಗಿ ಅಲ್ಲಿ 'ಆನ್‌ಲೈನ್ ಏಜೆಂಟ್' ಎಂಬ ಹೊಸ ಜಾತಿಯೇ ಹುಟ್ಟಿತು. 2014ರಲ್ಲಿ ಮಾರುಕಟ್ಟೆಗೆ ಬಂದ ಪರ್ಪಲ್‌ಬ್ರಿಕ್ಸ್ ಅವುಗಳಲ್ಲಿ ಹೆಸರು ಮಾಡಿದ್ದು. ಸಾಂಪ್ರದಾಯಿಕ ಏಜೆಂಟರು ಮಾರಾಟವಾದರೆ ಮಾತ್ರ ಶೇಕಡಾ ಒಂದು, ಒಂದೂವರೆ ಎಂದು ಕೇಳುತ್ತಿದ್ದ ಕಡೆ ಈ ಸಂಸ್ಥೆ ಅದಕ್ಕಿಂತ ಬಹಳ ಕಡಿಮೆಯ ನಿಗದಿತ ಶುಲ್ಕ ಕೇಳಿತು. ಆದರೆ ಮನೆ ಮಾರಾಟವಾಗಲಿ ಬಿಡಲಿ, ಶುಲ್ಕ ಕೊಡಲೇಬೇಕಿತ್ತು. ಜನ ಮುಗಿಬಿದ್ದರು. 2015ರ ಡಿಸೆಂಬರಿನಲ್ಲಿ ಅದು ಲಂಡನ್ನಿನ ಷೇರುಪೇಟೆಗೆ ಬಂದಿತು, ಆಸ್ಟ್ರೇಲಿಯಾಕ್ಕೂ ಅಮೆರಿಕಕ್ಕೂ ಹೋಯಿತು, 2019ರಲ್ಲಿ ಎರಡೂ ಕಡೆಯಿಂದ ಹಿಂದೆ ಸರಿಯಿತು, 2023ರಲ್ಲಿ ತನ್ನ ವ್ಯವಹಾರವನ್ನು ಸ್ಟ್ರೈಕ್ ಎಂಬ ಇನ್ನೊಂದು ಸಂಸ್ಥೆಗೆ ಕೇವಲ 1 ಪೌಂಡಿಗೆ ಮಾರಿತು. ಅದರ ಕುಸಿತಕ್ಕೆ ಕಾರಣಗಳು ಹಲವು. ಮಾರುವವರ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಹಣ ಮೊದಲೇ ಸಂದಾಯವಾಗುವುದಾದರೆ ಹೊಸ ಮನೆಯನ್ನು ಪಟ್ಟಿಗೆ ಸೇರಿಸುವುದರಲ್ಲಿ ಏಜೆಂಟನಿಗೆ ಇರುವ ಆಸಕ್ತಿ, ಸೇರಿಸಿದ ಮನೆಯನ್ನು ದಡ ಮುಟ್ಟಿಸುವುದರಲ್ಲಿ ಉಳಿಯುವುದು ಕಷ್ಟ. ಶೇಕಡಾವಾರಿನವನು ಬೇಗ ಮುಗಿಸಲು ಅವಸರಪಡುತ್ತಾನೆ. ಮುಂಗಡ ಶುಲ್ಕದವನಿಗೆ ಮುಗಿಸಲೇಬೇಕೆಂಬ ಒತ್ತಾಯವಿಲ್ಲ.

ನಮ್ಮಲ್ಲಿ ಸ್ಥಿತಿ ಬೇರೆ, ಮಾಲೀಕರು ನೇರವಾಗಿ ತಾಣಕ್ಕೆ ಹೋಗಬಹುದು. ಆದರೆ ಉಚಿತವಾಗಿ ಹಾಕಿದ ಜಾಹೀರಾತು ಕೆಲವೇ ದಿನಗಳಲ್ಲಿ ಕೆಳಗಿಳಿದು ಮರೆಯಾಗುವುದನ್ನೂ, ಮೇಲೆ ಬರಬೇಕಾದರೆ, 'ರಿಲೇಶನ್‌ಶಿಪ್ ಮ್ಯಾನೇಜರ್' ಬೇಕಾದರೆ ಇಷ್ಟು ತಿಂಗಳಿಗೆ ಇಷ್ಟು ಎಂಬ ಪ್ಯಾಕೇಜು ಕೊಳ್ಳಬೇಕೆಂಬ ಫೋನು ಬರುವುದನ್ನೂ ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಪ್ಯಾಕೇಜು ಎಂದರೆ ಅದೇ ಮುಂಗಡ ಶುಲ್ಕ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಜಾಹೀರಾತಿನ ಬೆಲೆ, ಮಾರಾಟದ ಬೆಲೆಯಲ್ಲ ಎಂಬ ತಿಳಿವಳಿಕೆಯಿಂದ ಕೊಳ್ಳಿ.

ಸ್ವತಃ ಮಾರುವುದರಿಂದ ಬೆಲೆ ಕಡಿಮೆ ಬರುತ್ತದೆಯೇ ಎಂಬುದಕ್ಕೂ ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಮಾಲೀಕರೇ ಮನೆ ಮಾರಲು ಬಳಸುತ್ತಿದ್ದ ಒಂದು ಸ್ಥಳೀಯ ಜಾಲತಾಣವನ್ನೂ ಏಜೆಂಟರ ಸಾಮೂಹಿಕ ಪಟ್ಟಿಯನ್ನೂ ಹೋಲಿಸಿ ಮೂವರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಏಜೆಂಟರ ಮೂಲಕ ಹೋದವರಿಗೆ ಗಮನಾರ್ಹವಾಗಿ ಹೆಚ್ಚಿನ ಬೆಲೆ ಸಿಕ್ಕಿತೆಂಬುದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಆದರೆ ಏಜೆಂಟರ ಪಟ್ಟಿಯಲ್ಲಿದ್ದ ಮನೆಗಳು ಬೇಗ ಮಾರಾಟವಾದವು. ಸ್ವತಃ ಮಾರಲು ಹೊರಟವರಲ್ಲಿ ಒಂದಷ್ಟು ಜನ ಕೆಲವು ಕಾಲ ಪ್ರಯತ್ನಿಸಿ, ಆಗದೆ, ಏಜೆಂಟರ ಬಳಿಗೇ ಹೋದರು. ಅಂದರೆ ಕಮಿಷನ್ ಕೊಟ್ಟು ಅವರು ಕೊಂಡದ್ದು ಹೆಚ್ಚಿನ ಬೆಲೆಯನ್ನಲ್ಲ, ಸಮಯವನ್ನು ಮತ್ತು ನೆಮ್ಮದಿಯನ್ನು.

ಆದರೆ ಮ್ಯಾಡಿಸನ್ನಿನ ಪಾಠವನ್ನು ಹಾಗೆಯೇ ಮಲ್ಲೇಶ್ವರಕ್ಕೆ ತರಲಾಗದು. ಅಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತೆಂಬುದು ದಾಖಲೆ ನೋಡಿದರೆ ತಿಳಿಯುತ್ತದೆ. ನಮ್ಮಲ್ಲಿ? ಜಾಲತಾಣದಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ತಿಂಗಳುಗಟ್ಟಲೆ ಮಾರಾಟವಾಗದೆ ಕುಳಿತ ಮನೆಯ ಆಸೆಯ ಬೆಲೆಯೂ ಅಲ್ಲಿನ ಸರಾಸರಿಯಲ್ಲಿ ಸೇರಿಕೊಳ್ಳುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾದ ಬೆಲೆ ನಿಜವೆಂದು ನಂಬೋಣವೆಂದರೆ, ಮಾರ್ಗಸೂಚಿ ದರಕ್ಕೆ, ಅಂದರೆ ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ದರಕ್ಕೆ, ತಕ್ಕಷ್ಟು ಬರೆಸಿ ಮೇಲಿನದ್ದನ್ನು ನಗದಾಗಿ ಕೊಟ್ಟು ತೆಗೆದುಕೊಂಡ ಕ್ರಯಪತ್ರಗಳೂ ಅಲ್ಲಿವೆ. ಒಂದು ಬೀದಿಯಲ್ಲಿ ಹೋದ ವರ್ಷ ಮಾರಾಟವಾದ ಮನೆಗೆ ವಾಸ್ತವವಾಗಿ ಎಷ್ಟು ಸಂದಾಯವಾಯಿತೆಂಬುದು ಆ ಕೋಣೆಯಲ್ಲಿ ಕುಳಿತಿದ್ದವರಿಗೆ ಮಾತ್ರ ಗೊತ್ತು, ಅವರಲ್ಲಿ ಒಬ್ಬ ಬಡಾವಣೆಯ ಬ್ರೋಕರು. ಉತ್ತರ ಬಾಗಿಲಿನ ಮೂಲೆ ಸೈಟಿಗೆ ಪಕ್ಕದ ದಕ್ಷಿಣ ಬಾಗಿಲಿನದಕ್ಕಿಂತ ಎಷ್ಟು ಹೆಚ್ಚು, 30-40ರ ಸೈಟಿನಲ್ಲಿ ನಲವತ್ತು ವರ್ಷದ ಕಟ್ಟಡಕ್ಕೆ ಬೆಲೆಯಿದೆಯೋ ಅಥವಾ ಕೊಳ್ಳುವವರು ನೆಲದ ಬೆಲೆ ಮಾತ್ರ ಕೊಡುತ್ತಾರೋ, ರಾಜಕಾಲುವೆಯ ಪಕ್ಕದ ಸಾಲಿಗೆ ಬ್ಯಾಂಕು ಸಾಲ ಕೊಡುತ್ತದೆಯೋ ಇಲ್ಲವೋ, ಇಂಥ ತಿಳಿವಳಿಕೆ ಯಾವ ತಾಣದ 'ಪ್ರೈಸ್ ಟ್ರೆಂಡ್' ಗೆರೆಯಲ್ಲೂ ಇರುವುದಿಲ್ಲ. ಹಳೆಯ ಬ್ರೋಕರಿನ ಕಮಿಷನ್ನಿಗೆ ಇಂದಿಗೂ ನಿಜವಾದ ಸಮರ್ಥನೆ ಇರುವುದು ಇಲ್ಲಿ. ಪಾರದರ್ಶಕತೆ ಇಲ್ಲದಿರುವುದೇ ಅವನ ಅನ್ನ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ.

ನಗದಿನ ಮಾತು ಬಂದದ್ದರಿಂದ ಸ್ವಲ್ಪ ಬದಿಗೆ ಸರಿದು ಒಂದು ಎಚ್ಚರಿಕೆ ಹೇಳಬೇಕು. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚಿನ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5; ನಗರದಲ್ಲಿ ಸೆಸ್ ಮತ್ತು ಮೇಲ್ತೆರಿಗೆ ಸೇರಿ ಅದು 5.6 ಆಗುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿರುವುದರಿಂದ ಒಟ್ಟು 7.6. ಒಂದೂವರೆ ಕೋಟಿಗೆ ಇದು 11 ಲಕ್ಷ 40 ಸಾವಿರ. ಈ ಹೊರೆ ಕೊಳ್ಳುವವನದು. ಆದ್ದರಿಂದ ಕಡಿಮೆ ಬರೆಸೋಣವೆಂಬ ಸಲಹೆ ಅವನ ಕಡೆಯಿಂದಲೋ ಎರಡೂ ಕಡೆಯ ಬ್ರೋಕರಿನಿಂದಲೋ ಬರುತ್ತದೆ. ಅಪಾಯ ಮಾತ್ರ ನಿಮ್ಮದು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ತೆಗೆದುಕೊಂಡವನಿಗೆ, ಅಂದರೆ ಮಾರಿದವನಿಗೆ, ಅಷ್ಟೇ ಮೊತ್ತದವರೆಗೆ ದಂಡ ಬೀಳಬಹುದು. ಜಾಲತಾಣದ ಮೂಲಕ ಬರುವವರಲ್ಲಿ ಬ್ಯಾಂಕ್ ಸಾಲದ ಮೇಲೆ ನಿಂತ ಸಂಬಳದಾರರು ಹೆಚ್ಚು, ಅವರಿಗೆ ಪೂರ್ತಿ ಬೆಲೆ ಕಾಗದದ ಮೇಲಿದ್ದರೇ ಸಾಲಕ್ಕೆ ಅನುಕೂಲ. ಇದನ್ನು ನಾನು ಜಾಲತಾಣದ ಪರವಾಗಿ ಹೇಳಬಹುದಾದ ದೊಡ್ಡ ಮಾತೆಂದೇ ಎಣಿಸುತ್ತೇನೆ.

ಕಾಗದಪತ್ರದ ಕೆಲಸವನ್ನು ಇಬ್ಬರೂ ಮಾಡುವುದಿಲ್ಲ ಎಂದುಕೊಂಡೇ ಹೊರಡಿ. 'ರೇರಾ ಬಂದಿದೆಯಲ್ಲ, ಬ್ರೋಕರುಗಳೆಲ್ಲ ನೋಂದಾಯಿಸಿಕೊಂಡಿರುತ್ತಾರಲ್ಲ' ಎಂದು ಕೆಲವರು ಭಾವಿಸುತ್ತಾರೆ. ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. 2016ರ ಆ ಕಾಯ್ದೆಯ 9ನೆಯ ಕಲಂ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿರುವುದು ನಿಜ, ಆದರೆ ಅದು ನೋಂದಾಯಿತ ಯೋಜನೆಯಲ್ಲಿ ಡೆವಲಪರ್ ಮಾರುವ ನಿವೇಶನ, ಫ್ಲ್ಯಾಟ್‌ಗಳ ಮಟ್ಟಿಗೆ. ನಿಮ್ಮ ತಂದೆ ಬಿಡಿಎಯಿಂದ ಪಡೆದ ಸೈಟಿನಲ್ಲಿ ಕಟ್ಟಿದ ಮನೆಯನ್ನು ನೀವು ಮಾರುವಾಗ ಮಧ್ಯೆ ನಿಲ್ಲುವವನಿಗೆ ಆ ಕಟ್ಟುಪಾಡು ಅನ್ವಯಿಸುವುದಿಲ್ಲ. ಜಾಲತಾಣಗಳ ನಿಯಮಾವಳಿಯನ್ನು ತಾಳ್ಮೆಯಿಂದ ಓದಿದರೆ, ಜಾಹೀರಾತಿನ ನಿಜಾನಿಜಕ್ಕೆ ತಾವು ಹೊಣೆಯಲ್ಲವೆಂಬ ಸಾಲು ಅಲ್ಲಿಯೂ ಸಿಗುತ್ತದೆ. ಹೀಗಾಗಿ ಫೋಟೊ ತೆಗೆಯುವ ಮೊದಲು ಕಡತ ತೆರೆಯಿರಿ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ, ಕಂದಾಯದ ರಸೀದಿಗಳು ಕ್ರಮವಾಗಿವೆಯೇ ನೋಡಿ. ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ, ಅಂದರೆ ನಾವೆಲ್ಲ ಇಸಿ ಎನ್ನುವುದು, 2004ರ ಏಪ್ರಿಲ್‌ನಿಂದೀಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. 2024ರ ಕೊನೆಯ ತಿಂಗಳುಗಳಿಂದ ಬೆಂಗಳೂರಿನಲ್ಲಿ ಇ-ಖಾತೆ, ಅಂದರೆ ಸ್ವತ್ತಿನ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ನಡೆಯುವುದಿಲ್ಲ, ಮತ್ತು ಖಾತೆಯಲ್ಲಿನ ಹೆಸರಿಗೂ ಆಧಾರಿನ ಹೆಸರಿಗೂ ಇರುವ ಒಂದಕ್ಷರದ ವ್ಯತ್ಯಾಸ, ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿರುವುದು, ಇವೆಲ್ಲ ಬಯಲಾಗುವುದು ಆಗಲೇ.

ಅದಕ್ಕಿಂತಲೂ ಮೊದಲು ಮನೆಯವರನ್ನು ಕೇಳಿ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಹಕ್ಕುದಾರರು. ಮದುವೆಯಾಗಿ ಹೊರಗೆ ಹೋದ ತಂಗಿಯನ್ನು ಕೇಳದೆ ಅಣ್ಣ ಟೋಕನ್ ತೆಗೆದುಕೊಂಡ ವ್ಯವಹಾರಗಳು ಎಲ್ಲಿಗೆ ಹೋಗುತ್ತವೆಂದು ಸಿಟಿ ಸಿವಿಲ್ ನ್ಯಾಯಾಲಯದ ಕಾರಿಡಾರಿನಲ್ಲಿ ಒಂದು ಬೆಳಗ್ಗೆ ನಿಂತರೆ ತಿಳಿಯುತ್ತದೆ. ಬಡಾವಣೆಯ ಅನುಭವಿ ಬ್ರೋಕರಿಗೆ ನಿಮ್ಮ ಮನೆಯ ವಂಶವೃಕ್ಷ ಗೊತ್ತಿರುತ್ತದೆ, ಅವನು ಮೊದಲೇ 'ಅಕ್ಕನವರು ಸಹಿ ಹಾಕುತ್ತಾರಲ್ಲವೇ' ಎಂದು ಕೇಳುತ್ತಾನೆ. ಜಾಲತಾಣದ ಅರ್ಜಿಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.

ಕೊನೆಯ ಕೆಲಸ, ಕರಾರಿನಿಂದ ನೋಂದಣಿಯವರೆಗೆ. ಕೊಳ್ಳುವವನ ಬ್ಯಾಂಕು ತನ್ನ ವಕೀಲರಿಂದ ಅಭಿಪ್ರಾಯ ಪಡೆಯಬೇಕು, ಮೌಲ್ಯಮಾಪಕ ಬಂದು ಅಳತೆ ಮಾಡಬೇಕು, ನಿಮ್ಮ ಹಳೆಯ ಸಾಲ ತೀರಿ ಮೂಲಪತ್ರ ಬ್ಯಾಂಕಿನಿಂದ ಬಿಡುಗಡೆಯಾಗಬೇಕು, ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವನು ಶೇಕಡಾ 1ರಷ್ಟು ತೆರಿಗೆ ಕಡಿತ ಮಾಡಿ ಕಟ್ಟಬೇಕು. ಈ ವಾರಗಳಲ್ಲಿ ವ್ಯವಹಾರ ಮುರಿಯುವುದು ಸಾಮಾನ್ಯವಾಗಿ ಬೆಲೆಗಾಗಿ ಅಲ್ಲ, ಮಾತು ನಿಂತುಹೋದದ್ದಕ್ಕಾಗಿ. ಇವರು ಫೋನು ಮಾಡಲಿಲ್ಲವೆಂದು ಅವರಿಗೆ ಸಂಶಯ, ಅವರು ಕೇಳಲಿಲ್ಲವೆಂದು ಇವರಿಗೆ ಬಿಗುಮಾನ. ಕಮಿಷನ್ ಇನ್ನೂ ಕೈಸೇರದ ಬ್ರೋಕರು ಇಬ್ಬರ ಮನೆಗೂ ಸ್ಕೂಟರಿನಲ್ಲಿ ಓಡಾಡುವುದು ಆಗಲೇ, ಮತ್ತು ಆ ಓಡಾಟಕ್ಕೆ ಬೆಲೆಯಿದೆ. ಆದ್ದರಿಂದ ಕರಾರಿನ ದಿನ ಪೂರ್ತಿ ಕಮಿಷನ್ ಕೊಟ್ಟುಬಿಡಬೇಡಿ, ಹೆಚ್ಚಿನ ಪಾಲು ನೋಂದಣಿಯ ದಿನಕ್ಕೆ ಉಳಿಯಲಿ.

ಮಾಲೀಕರು ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದು ಅನಿವಾಸಿಗಳಾಗಿದ್ದರೆ ಈ ಕೊನೆಯ ಹಂತ ಇನ್ನೂ ತೊಡಕಿನದು. ಆಗ ತೆರಿಗೆ ಕಡಿತ ಶೇಕಡಾ 1ರಲ್ಲಿ ನಿಲ್ಲುವುದಿಲ್ಲ, ಬಂಡವಾಳ ಲಾಭದ ದರದಲ್ಲಿ ಆಗುತ್ತದೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಲು ಸಮಯ ಬೇಕು. ಇಲ್ಲಿ ಸಹಿ ಹಾಕಲು ಯಾರಿಗಾದರೂ ಕೊಡುವ ಅಧಿಕಾರಪತ್ರ ಅಲ್ಲಿ ದೃಢೀಕರಣಗೊಂಡು, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕಕ್ಕೆ ಒಳಪಡಬೇಕು. ಆ ಅಧಿಕಾರಪತ್ರವನ್ನು ಬ್ರೋಕರಿನ ಹೆಸರಿಗೆ ಎಂದಿಗೂ ಬರೆಯಬೇಡಿ. ಬೀಗದ ಕೈ ಕೊಡಬಹುದು, ಸಹಿಯ ಅಧಿಕಾರ ಕೊಡಕೂಡದು.

ಹಾಗಾದರೆ ಯಾರಿಗೆ ಯಾವುದು? ಇನ್ನೂರು ಮುನ್ನೂರು ಮನೆಗಳ ಸಂಕೀರ್ಣದಲ್ಲಿ ಫ್ಲ್ಯಾಟ್ ಇದ್ದವರು ತಾವೇ ಮಾರಿಕೊಳ್ಳಬಹುದು. ಅದೇ ವಿನ್ಯಾಸದ ಫ್ಲ್ಯಾಟ್ ಇತ್ತೀಚೆಗೆ ಎಷ್ಟಕ್ಕೆ ಹೋಯಿತೆಂಬುದು ನಿವಾಸಿಗಳ ಸಂಘದಲ್ಲೇ ತಿಳಿಯುತ್ತದೆ, ಹಕ್ಕಿನ ಕಾಗದವೂ ಸಾಮಾನ್ಯವಾಗಿ ಸರಳ. ಹಳೆಯ ಬಡಾವಣೆಯ ಸ್ವತಂತ್ರ ಮನೆ, ಅದರಲ್ಲೂ ಹಲವು ವಾರಸುದಾರರಿರುವುದಾಗಿದ್ದರೆ, ಸ್ಥಳೀಯ ಬ್ರೋಕರು ಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಕಮಿಷನ್ನಿನ ರೂಪ ಬದಲಿಸಿ. ಒಂದೂವರೆ ಕೋಟಿಯವರೆಗೆ ಶೇಕಡಾ 1, ಅದರ ಮೇಲಿನ ಮೊತ್ತಕ್ಕೆ ಮಾತ್ರ ಶೇಕಡಾ 10 ಎಂದು ಗೊತ್ತುಮಾಡಿದರೆ ನಾನು ಆಗ ಹೇಳಿದ ಹೆಚ್ಚುವರಿ 5 ಲಕ್ಷದಲ್ಲಿ ಅವನಿಗೆ 50 ಸಾವಿರ ಸಿಗುತ್ತದೆ, ಕಾಯುವುದಕ್ಕೆ ಅವನಿಗೂ ಕಾರಣವಿರುತ್ತದೆ. ಒಟ್ಟು ಕೊಡುವುದು 2 ಲಕ್ಷ, ಹಳೆಯ ಲೆಕ್ಕದ 3 ಲಕ್ಷಕ್ಕಿಂತ ಕಡಿಮೆಯೇ. ಇಂಥ ಷರತ್ತಿಗೆ ಕೆಲವರು ಮುಖ ಸಿಂಡರಿಸುತ್ತಾರೆ. ಒಪ್ಪುವವರು ಸಾಮಾನ್ಯವಾಗಿ ತಮ್ಮ ಬೀದಿಯನ್ನು ಬಲ್ಲವರು.

ಇದನ್ನು ನಾನು ಹೇಳಿದ ಒಂದು ಸಭೆಯಲ್ಲಿ ಒಬ್ಬರು ಎದ್ದು, ಎರಡನ್ನೂ ಒಟ್ಟಿಗೆ ಮಾಡಬಾರದೇ ಎಂದು ಕೇಳಿದರು. ಮಾಡಬಹುದು, ಆದರೆ ಒಟ್ಟಿಗಲ್ಲ, ಒಂದಾದ ಮೇಲೊಂದು. ಮೊದಲ ಆರೆಂಟು ವಾರ ನಿಮ್ಮದೇ ಬೆಲೆಗೆ ನೀವೇ ಜಾಲತಾಣದಲ್ಲಿ ಹಾಕಿ. ಫೋನು ಮಾಡಿದವರ, ಮನೆ ನೋಡಿ ಹೋದವರ ಹೆಸರು, ದಿನಾಂಕ, ಅವರು ಹೇಳಿದ ಬೆಲೆ ಬರೆದಿಡಿ. ಕುದುರದಿದ್ದರೆ ಜಾಹೀರಾತು ತೆಗೆದು ಬ್ರೋಕರಿಗೆ ಒಪ್ಪಿಸಿ. ಒಪ್ಪಿಸುವಾಗ ಆ ಪಟ್ಟಿಯನ್ನು ಒಪ್ಪಂದದ ಜೊತೆ ಲಗತ್ತಿಸಿ, ಅದರಲ್ಲಿರುವ ಯಾರೇ ಮರಳಿ ಬಂದು ಕೊಂಡರೂ ಕಮಿಷನ್ ಇಲ್ಲವೆಂದು ಬರೆಸಿಕೊಂಡು ಇಬ್ಬರೂ ಸಹಿ ಮಾಡಿ. ಪಟ್ಟಿಯಲ್ಲಿದ್ದವರು ಬೆಲೆ ಇಳಿಯಿತೇ ಎಂದು ತಿಂಗಳ ಮೇಲೆ ತಾವಾಗಿಯೇ ಫೋನು ಮಾಡುವುದುಂಟು, ಮತ್ತು 'ಆ ಗಿರಾಕಿಯನ್ನು ಕರೆತಂದವನು ನಾನೇ' ಎಂಬ ಜಗಳ ಶುರುವಾಗುವುದೂ ಅಲ್ಲಿಯೇ.